ಬಾಯಿಂದ ಬಿದ್ದ ಹೆಸರು

ಹೊಗೆ ಕಣ್ಣಿಗೆ ಬರುತ್ತಿದೆ, ಒಲೆಗೆ ಹಸಿ ಕಟ್ಟಿಗೆ ಒಟ್ಟಿದವರು ಯಾರೋ, ಇರಲಿ, ಹೊಗೆ ಇದ್ದದ್ದೇ ಒಳ್ಳೆಯದಾಯಿತು, ಕಣ್ಣಲ್ಲಿ ನೀರು ಕಂಡರೆ ತವರಿನ ಸವಣೂರು ಸೋತಿತೆಂದು ಮಗಳು ಅಳುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಆದರೆ ನನಗೆ ಬರುತ್ತಿರುವುದು ನಗು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸೆರಗು ಬಾಯಿಗೆ ತುರುಕಿಕೊಳ್ಳುವಷ್ಟು ನಗು — ಪಡಸಾಲೆಯಲ್ಲಿ ಇವರು ಕೂತಿದ್ದಾರೆ, ಶಿಗ್ಗಾಂವಿಯ ಉಳಿದ ಆಟಗಾರರೆಲ್ಲ ಫುಟ್ಬಾಲ್ ಕಪ್ ಎತ್ತಿಕೊಂಡು ಸರ್ವಿಸ್ ಮೋಟಾರು ಬಸ್ಸಿನ ನೆತ್ತಿಯ ಮೇಲೆ ಹಾಡುತ್ತ ಹೋದರು, ಇವರೊಬ್ಬರನ್ನೇ ಅಪ್ಪ ಹೋಗಗೊಡಲಿಲ್ಲ, ಗೆದ್ದೀರಂತ ಮಾವನ ಮನಿ ಊಟ ಬಿಡತೀರೇನು ಅಂದ, ಸೋಲಿಸಿದವನಾದರೂ ಅಳಿಯ ಅಳಿಯನೇ, ಹೋಳಿಗೆ ಹಾಕಲೇಬೇಕು, ಹಾಗೆ ಹೇಳುವಾಗ ಅಪ್ಪನ ಮುಖ ಮಾತ್ರ ಬೇವು ಅಗಿದವನ ಹಾಗಿತ್ತು, ಅವ್ವನಂತೂ ಆಟ ನೋಡಿದ ಮಾಳಿಗೆ ಇಳಿದು ಬಂದಾಗಿನಿಂದ ನನ್ನ ಕಡೆ ತಿರುಗಿ ನೋಡಿಲ್ಲ, ಹೂರಣ ಅರೆಯುವ ಕಲ್ಲಿನ ಮೇಲೆ ಸಿಟ್ಟು ತೀರಿಸುತ್ತಿದ್ದಾಳೆ, ಸೋತದ್ದಕ್ಕಲ್ಲ ಆ ಸಿಟ್ಟು, ನಾನು ಒದರಿದ್ದಕ್ಕೆ — ಛೇ, ಹಿಟ್ಟು ತೆಳುವಾಯಿತು, ಅಂಚು ಬಿರಿಯಿತು, ಇದನ್ನು ನಾನೇ ತಿನ್ನುತ್ತೇನೆ, ಇವರ ತಾಟಿಗೆ ಹಾಕುವ ರೊಟ್ಟಿ ಹರಿದಿರಬಾರದು ಇವತ್ತು.

ಇವರನ್ನು ನಾನು ಮೊದಲು ನೋಡಿದ್ದು ಕಾಲಿನಿಂದಲೇ, ಹೆಣ್ಣು ನೋಡಲು ಬಂದಾಗ ಇದೇ ಪಡಸಾಲೆಯಲ್ಲಿ ತಲೆ ಬಗ್ಗಿಸಿ ನಿಂತಿದ್ದೆ, ಮುಖ ನೋಡುವಂತಿರಲಿಲ್ಲ, ಜಮಖಾನದ ಮೇಲೆ ಸಾಲಾಗಿ ಕಾಲುಗಳು, ಅವರಪ್ಪನದು, ಸೋದರಮಾವನದು, ಆಮೇಲೆ ಹೆಬ್ಬೆರಳಿನ ಉಗುರು ಕಪ್ಪುಗಟ್ಟಿದ ಒಂದು ಕಾಲು, ಚೆಂಡು ಒದ್ದ ಕಾಲು ಅದು, ನನಗೆ ಗೊತ್ತಾಗದೆ ಇರುತ್ತದೆಯೆ, ತಮ್ಮ ನಾಗಪ್ಪನ ಉಗುರೂ ಹಾಗೇ ಇತ್ತು, ಒಳಗೆ ಬಂದು ಹೂಂ ಅಂದುಬಿಟ್ಟೆ, ಕಿರಾಣಿ ಅಂಗಡಿ ಐತಿ, ಮನಿತನ ಚಲೋ ಐತಿ ಎಂದು ಅವ್ವ ನನ್ನನ್ನು ಒಪ್ಪಿಸುವುದಕ್ಕೆ ಇನ್ನೂ ಬಾಯಿ ತೆರೆಯುತ್ತಿದ್ದಳು, ಅಷ್ಟರಲ್ಲಿ ಹೂಂ ಅಂದಿದ್ದೆ — ಶಿಗ್ಗಾಂವಿಗೆ ಹೋದ ಮೇಲೆ ಅಂಗಡಿಯ ಹಿಂದಿನ ಖೋಲಿಯಲ್ಲಿ ಆಟ ಮುಗಿಸಿ ಬಂದ ಇವರ ಕಾಲಿಗೆ ಎಣ್ಣೆ ತಿಕ್ಕುತ್ತ ಯಾರು ಯಾರಿಗೆ ಚೆಂಡು ಕೊಟ್ಟರು, ಯಾರು ಎಲ್ಲಿ ಜಾರಿದರು ಎಂದು ಕೇಳುವುದು, ಇವರು ಹೇಳುವುದು, ನನಗೆ ಅದೇ ಜಾತ್ರೆ ಅದೇ ಹಬ್ಬ, ಒಂದೇ ಒಂದು ಮಾತು ಇವರು ಕೇಳಲಿಲ್ಲ, ನಿನ್ನ ತಮ್ಮ ಗೋಲಿನಾಗ ಯಾವ ಕಡೆ ಬೀಳೂದು ತಡ ಮಾಡತಾನ ಎಂದು, ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ, ಇವರಿಗೂ ಅದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ, ಅದಕ್ಕೇ ನನಗೆ ಇವರು —

ಈ ವರ್ಷ ಇವರ ತಂಡ ಹಾನಗಲ್ಲಿನವರನ್ನು ಸೋಲಿಸಿಬಂದಾಗ ಶಿಗ್ಗಾಂವಿಯಲ್ಲಿ ಯಾರೂ ನಂಬಲಿಲ್ಲ, ಹಿರೇಕೆರೂರಿನವರನ್ನು ಸವಣೂರು ತಿಂದುಹಾಕಿದೆ ಎಂದು ಸುದ್ದಿ ಬಂತು, ಹಾಗಾದರೆ ಕೊನೆಯ ಆಟ ಸವಣೂರು ಶಿಗ್ಗಾಂವಿಯದೇ, ಅದೂ ಸವಣೂರಿನ ಬಯಲಲ್ಲೇ, ಹತ್ತಿ ವ್ಯಾಪಾರದ ಸಾಹುಕಾರರು ಆ ಕಪ್ ಇಟ್ಟಾಗಿನಿಂದ ಅದು ಸವಣೂರು ಬಿಟ್ಟು ಹೊರಗೆ ಹೋಗಿರಲಿಲ್ಲ, ನಾಗಪ್ಪ ಗೋಲಿನಲ್ಲಿ ನಿಂತಾಗಿನಿಂದಂತೂ ಹೋಗುವ ಮಾತೇ ಇರಲಿಲ್ಲ, ಎಲೆತೋಟದಲ್ಲಿ ವೀಳ್ಯದೆಲೆ ಕೊಯ್ದು ಕೊಯ್ದು ಪಳಗಿದ ಕೈ, ಬಳ್ಳಿಗೆ ನೋವಾಗದ ಹಾಗೆ ಚಿವುಟುವ ಕೈ, ಅಷ್ಟೇ ಮೆತ್ತಗೆ ಚೆಂಡು ಹಿಡಿಯುತ್ತದೆ, ಶಿಗ್ಗಾಂವಿಯಿಂದ ಹೊರಡುವಾಗ ಅತ್ತೆ ಕೇಳಿದರು, ನೀ ಯಾರ ಕಡೆ ಸರೋಜಾ, ನಾನು ಹೇಳಿದೆ, ಚಲೋ ಆಡಿದವರ ಕಡೀರಿ, ಇಲ್ಲಿ ಬಂದ ಮೇಲೆ ಅವ್ವನೂ ಅದನ್ನೇ ಕೇಳಿದಳು, ಅವಳಿಗೂ ಅದೇ ಉತ್ತರ, ಇಬ್ಬರಿಗೂ ಸುಳ್ಳು ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ — ಅವ್ವನ ಗೆಳತಿ ಮಾಬೂಬಿಯ ಮನೆ ಬಯಲಿಗೆ ಹತ್ತಿಕೊಂಡೇ ಇದೆ, ಅವಳ ಮಾಳಿಗೆಯ ಮೇಲೆ ಹೆಂಗಸರೆಲ್ಲ, ಖಾರ ಚುರಮುರಿ ಸೆರಗಿನಲ್ಲಿ, ಸವಣೂರಿನ ಹಯಾತ ಮೊದಲ ಗೋಲು ಹೊಡೆದಾಗ ಇಡೀ ಊರು ಎದ್ದು ಕುಣಿಯಿತು, ನಾನೂ ಚಪ್ಪಾಳೆ ತಟ್ಟಿದೆ, ಹಯಾತನ ಆಟ ಕಣ್ಣಿಗೆ ತಂಪು, ತಟ್ಟದೆ ಇರಲಾಗದು, ಆಮೇಲೆ ಶಿಗ್ಗಾಂವಿಯವರದೂ ಒಂದು ಹೋಯಿತು, ಯಾರ ಕಾಲಿಗೆ ತಾಗಿ ಹೋಯಿತೋ ದೂಳಿನಲ್ಲಿ ಕಾಣಲಿಲ್ಲ, ಆಗ ನಾನು ಚಪ್ಪಾಳೆ ತಟ್ಟಲಿಲ್ಲ, ಮಾಳಿಗೆಯ ಮೇಲೆ ಎಲ್ಲರೂ ನನ್ನನ್ನೇ ನೋಡಿದರು, ಕೈ ಸೆರಗಿನೊಳಗೆ ಇಟ್ಟುಕೊಂಡೆ, ಬಿಸಿಲು ಇಳಿಯಿತು, ಎದುರುಬದುರು ಸಮ, ಹಾನಗಲ್ಲಿನಿಂದ ಬಂದ ಡ್ರಿಲ್ ಮಾಸ್ತರರು ಸೀಟಿಯನ್ನು ತುಟಿಗಿಟ್ಟು ಕೈಗಡಿಯಾರ ನೋಡುತ್ತಿದ್ದರು, ಅಷ್ಟರಲ್ಲಿ ಬಯಲಿನ ಆ ಮಗ್ಗುಲಿನಿಂದ ಎತ್ತರದ ಒಂದು ಚೆಂಡು, ಅದರ ಕೆಳಗೆ ಒಬ್ಬರೇ ಓಡಿ ಬರುತ್ತಿದ್ದಾರೆ, ಇವರು, ನಮ್ಮ ಮಾಳಿಗೆಯ ಕೆಳಗಿನ ಗೋಲಿನ ಕಡೆಗೇ, ಅಲ್ಲಿ ನಾಗಪ್ಪ ಮಂಡಿ ಬಗ್ಗಿಸಿ ನಿಂತಿದ್ದಾನೆ, ಎದ್ದು ನಿಂತೆನೆ ನಾನು, ಮಾಳಿಗೆಯಂಚಿನ ಕುಂಬಿ ಹಿಡಿದುಕೊಂಡೆನೆ, ಗೊತ್ತಿಲ್ಲ, ಗಂಟಲೊಳಗಿಂದ ಏನೋ ಏರಿ ಬಂತು, ಮದುವೆಯಲ್ಲಿ ಹೊಸ್ತಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳ ಎಂದು ಪೀಡಿಸಿದಾಗ ಒಡಪಿನ ಪದ್ಯದಲ್ಲಿ ಮುಚ್ಚಿ ಒಂದೇ ಸಲ ಗುಣುಗುಟ್ಟಿದ್ದೆ, ಮತ್ತೆ ಕನಸಿನಲ್ಲೂ ನಾಲಿಗೆಗೆ ತಂದಿರಲಿಲ್ಲ, ಅದು ಬಿದ್ದುಬಿಟ್ಟಿತು, ಬೀದಿಗೆಲ್ಲ ಕೇಳುವ ಹಾಗೆ — ಹೊಡಿ, ಕರಬಸಪ್ಪಾ, ಹೊಡಿ.

ಗೋಲಾಯಿತು, ಸೀಟಿಯಾಯಿತು, ಶಿಗ್ಗಾಂವಿಯ ಮಂದಿ ರುಮಾಲು ಹಾರಿಸಿದರು, ನನಗೆ ಅದೊಂದೂ ಸರಿಯಾಗಿ ಕಾಣಲಿಲ್ಲ, ಅವ್ವ ಮೊಳಕೈ ಚಿವುಟಿ ಕೂರಿಸಿದಳು, ಗಂಡನ ಹೆಸರು ಹಿಡದು ಒದರತೀಯಲ್ಲ, ಹೊಡಿ ಅಂತ ಏಕವಚನ ಬ್ಯಾರೆ, ಅವರ ಆಯುಷ್ಯದ ಖಬರೈತೇನ ನಿನಗ, ಆಗ ಮಾಬೂಬಿ, ಚುರಮುರಿಯ ಬೊಗಸೆ ಹಿಡಿದುಕೊಂಡೇ ನಗುತ್ತ, ಇರ್ಲಿ ಬಿಡ್ರಿ ಸಿದ್ದವ್ವ, ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗತದ ಅಂತಾರ, ಇಲ್ಲಿ ನೋಡ್ರಿ ಗೋಲ್ ಜಾಸ್ತಿ ಆತು, ಮಾಳಿಗೆಯೆಲ್ಲ ನಕ್ಕಿತು, ಸೋತ ಊರಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ, ನಾಚಿಕೆಯೂ ಆಯಿತು, ನಾನು ಯಾರ ಕಡೆಯವಳು ಎಂದು ನನಗೂ ಗೊತ್ತಾಯಿತು, ಬಾಯಿಯೇ ಹೇಳಿತು, ನಾನಲ್ಲ — ಆದರೆ ನಗುವಾಗಲೂ ಒಂದು ಮಾತ್ರ ಕಣ್ಣಿನಿಂದ ಹೋಗಲಿಲ್ಲ, ನಾನು ಕೂಗಿದ ಮೇಲೆ, ಚೆಂಡು ಇವರ ಕಾಲು ಬಿಟ್ಟ ಮೇಲೆ, ನಾಗಪ್ಪನ ಮುಖ ತಿರುಗಿ ಮೇಲಕ್ಕೆದ್ದಿತ್ತು, ಚೆಂಡಿನ ಕಡೆಗಲ್ಲ, ಮಾಳಿಗೆಯ ಕಡೆಗೆ, ಹೌದೋ ಅಲ್ಲವೋ, ದೂಳಿತ್ತು, ಬಿಸಿಲು ಎದುರಿಗಿತ್ತು, ಅಲ್ಲವೇನೋ ಅಂದುಕೊಂಡಿದ್ದೆ ಈಗಿನವರೆಗೂ, ಈಗ ನಾಗಪ್ಪನೇ ಒಳಗೆ ಬಂದ, ಹಂಡೆಯಿಂದ ನೀರು ಮೊಗೆದು ಕುಡಿದ, ಒಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತ, ಅಂಗೈ ತರಚಿದೆ, ಎಣ್ಣಿ ಹಚ್ಚಲೇನು ಅಂದೆ, ಬ್ಯಾಡ ಅಂದ, ರೊಟ್ಟಿಯ ತುಂಡು ಮುರಿದು ಬಾಯಿಗೆ ಹಾಕಿಕೊಂಡ, ಆಮೇಲೆ ಬೆಂಕಿಯನ್ನೇ ನೋಡುತ್ತ, ಅಕ್ಕಾ, ಮಾವನ ಹೆಸರು ನಿನ್ನ ಬಾಯಾಗ ಚಲೋ ಕೇಳಸತೈತಿ. ಕೈ ನಿಂತಿತು ನನ್ನದು. ಕೇಳಿತೇನ ನಿನಗ, ಅಂದೆ. ಸಣ್ಣಾಂವಿದ್ದಾಗಿಂದ ಕೇಳೇನಿ ನಿನ್ನ ದನಿ, ತ್ವಾಟದಾಗ ಅರಿವಿ ಸುತ್ತಿದ ಚೆಂಡು ಒಗಿಯೂ ಮುಂದ, ನೋಡೋ ತಮ್ಮಾ, ಬಂತ ನೋಡ ಅಂತಿದ್ದಿ, ನೀ ಒದರಿದ್ರ ನನ್ನ ಕುತ್ತಿಗಿ ತಾನ ತಿರುಗತೈತಿ. ಇಲ್ಲಂದ್ರ ಹಿಡೀತಿದ್ದೇನು ಅಂತ ಕೇಳಿದೆ. ಅವನು ತರಚಿದ ಅಂಗೈಯನ್ನು ಬೆಂಕಿಯ ಬೆಳಕಿಗೆ ತಿರುಗಿಸಿ ನೋಡಿಕೊಂಡ, ಹಿಡೀತಿದ್ದೆನೋ ಏನೋ, ಮಾವಗ ಮಾತ್ರ ಹೇಳಬ್ಯಾಡ, ತಾನ ಹೊಡದೇನಿ ಅಂತ ತಿಳಕೊಂಡಾನ, ಹಂಗ ಇರ್ಲಿ, ಅಂದವನು ನಕ್ಕ, ಬಾಯ್ತುಂಬ ರೊಟ್ಟಿ ಇಟ್ಟುಕೊಂಡು, ಇನ್ನೊಂದು ರೊಟ್ಟಿ ಎಳೆದುಕೊಂಡು ಎದ್ದು ಹೋದ.

ಪಡಸಾಲೆಯಲ್ಲಿ ಇವರು ಅಪ್ಪನಿಗೆ ಆ ಗೋಲನ್ನು ಹೇಳುತ್ತಿದ್ದಾರೆ, ಗಾಳಿ ಹಿಂದಿಂದ ಬಂತರಿ ಮಾವಾರ, ಅದಕ್ಕ ಬಲಗಾಲಿನ ಮಗ್ಗಲಲೆ ಒದ್ದೆ, ಅಪ್ಪ ಹೂಂ ಹೂಂ ಅನ್ನುತ್ತಿದ್ದಾನೆ, ನಾಗಪ್ಪನೂ ಹೋಗಿ ಪಕ್ಕಕ್ಕೆ ಕೂತಿದ್ದಾನೆ, ಚಲೋ ಹೊಡದ್ರಿ ಮಾವಾ ಅನ್ನುತ್ತಾನೆ, ಕಳ್ಳ, ಇವರ ದನಿ ಎಷ್ಟು ಖುಷಿಯಲ್ಲಿದೆ, ನಾಳೆ ಶಿಗ್ಗಾಂವಿಯಲ್ಲಿ ಇವರನ್ನು ಹೆಗಲ ಮೇಲೆ ಹೊರುತ್ತಾರೆ, ಅಂಗಡಿಯ ಮುಂದೆ ಬಾಜಾ ಊದಿಸುತ್ತಾರೆ, ನಾನು ಬಾಗಿಲಲ್ಲಿ ಆರತಿ ಹಿಡಿದು ನಿಂತಿರುತ್ತೇನೆ, ಹೆಸರು ಹೇಳು ಎಂದು ಅಲ್ಲಿಯ ಹೆಂಗಸರು ಮತ್ತೆ ಕಾಡಿದರೆ ಹೇಳಿಯೇ ಬಿಡಬೇಕು, ಒಡಪೂ ಬೇಡ ಏನೂ ಬೇಡ, ಎಷ್ಟು ಸಂತೋಷ ನನಗೆ, ಎದೆಯಲ್ಲಿ ಹಿಡಿಸದಷ್ಟು, ಇವರ ಕಾಲಿಗೆ ಎಣ್ಣೆ ತಿಕ್ಕುವಾಗ ಆ ಗೋಲನ್ನು ಮತ್ತೆ ಹೇಳಿಸಬೇಕು, ಮೊದಲಿನಿಂದ, ಚೆಂಡು ಬಂತು, ಒದ್ದರು, ಗೋಲಿಗೆ ಕಟ್ಟಿದ ಹಗ್ಗದ ಕೆಳಗೆ ಹಾದು — ಇಲ್ಲ, ಹಾದುಹೋಗುತ್ತಿಲ್ಲ, ಕಣ್ಣು ಮುಚ್ಚಿದರೆ ಚೆಂಡು ಇನ್ನೂ ಗಾಳಿಯಲ್ಲೇ ಇದೆ, ನಾಗಪ್ಪನ ಎರಡು ಕೈ ಚಾಚಿವೆ, ಮುಖ ಮಾಳಿಗೆಯ ಕಡೆಗೆ, ಏನಕ್ಕಾ ಅನ್ನುವ ಹಾಗೆ.