ಅಪ್ಪ ಕೊಟ್ಟ ಬಂದೂಕು

ಹೊಲ ಅಣ್ಣನಿಗೆ, ಬಂದೂಕು ನನಗೆ. ಅಪ್ಪ ಹೀಗೆ ಹಂಚಿ ಕಣ್ಣು ಮುಚ್ಚಿದಾಗ ಪಾಮನಕಲ್ಲೂರಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. "ಕನಕಮ್ಮಗ ಒಲಿ ಊದೋ ಕೊಳವಿ ಸಿಕ್ಕೈತಿ" ಎಂದರು. ಆಡುವವರ ಬಾಯಿಗೆ ಅಗಳಿ ಹಾಕಲಾದೀತೇ? ಆದರೆ ಅಪ್ಪ ನನ್ನನ್ನು ಅಷ್ಟು ಅಗ್ಗ ಮಾಡಿದನೇ ಎಂಬ ಸಂಕಟ ಮಾತ್ರ ಎದೆಯಲ್ಲಿ ಕೂತುಬಿಟ್ಟಿತು.

ಲೈಸೆನ್ಸ್ ನನ್ನ ಹೆಸರಿಗಾದ ಮೇಲೆ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಲಿಂಗಸುಗೂರಿಗೆ ಹೊರಟೆ. ಅಲ್ಲಿ ಮಕ್ತುಮ್‌ಸಾಬರು ಬಂದೂಕು ರಿಪೇರಿ ಮಾಡುತ್ತಾರೆ, ಹಳೆಯವುಗಳ ಬೆಲೆಯನ್ನೂ ಹೇಳುತ್ತಾರೆ. ಅಣ್ಣ ಹುಲಿಗೇಶ ಕರೆಯದಿದ್ದರೂ ಬೈಕ್ ತೆಗೆದ. ತಮಾಷೆ ನೋಡುವುದಕ್ಕಂತೆ!

ಗೋಣಿ ಬಿಚ್ಚಿದ ಸಾಬರು ಹಣೆ ಬಡಿದುಕೊಂಡರು. "ಯಾ ಅಲ್ಲಾ! ತಾಮ್ರದ ಕೊಡ ತಿಕ್ಕಿದಂಗ ಇದನ್ಯಾರವ್ವಾ ತಿಕ್ಕಿದವರು?"

ಅಣ್ಣ ಎದೆಯುಬ್ಬಿಸಿದ. "ನಾನ ರೀ. ವರ್ಷಾ ಮಹಾನವಮಿ ಪೂಜಿಗಿ ಹುಣಸಿಹಣ್ಣು, ಬೂದಿ ಹಚ್ಚಿ ಫಳಫಳ ಮಾಡ್ತೀನಿ."

"ಹಳೀ ಬಂದೂಕಿಗಿ ಹಳೀ ಬಣ್ಣನ ಬೆಲಿ, ತಮ್ಮಾ. ಅರ್ಧ ಬೆಲಿ ತೊಳದು ಬಚ್ಚಲಕ್ಕ ಬಿಟ್ಟೀಯಲ್ಲೋ!"

ನನಗೆ ಸಿಟ್ಟು ನೆತ್ತಿಗೇರಿತು. ಹೊಲವೂ ಅವನದು, ನನ್ನ ಪಾಲು ಹಾಳು ಮಾಡಿದವನೂ ಅವನೇ!

ಸಾಬರು ನಳಿಕೆಯ ಬಾಯೊಳಗೆ ಬೆರಳಾಡಿಸಿದರು. "ಒಳಗ ಸುತ್ತಿಕೊಂಡು ಹೋಗೋ ಗೀರು ಅದಾವ. ಇದು ನಾಡಬಂದೂಕಲ್ಲ, ರೈಫಲ್. ಮಾಡಿದವರ ಮುದ್ರಿ ಸಿಕ್ಕರ ಗಟ್ಟಿ ಹೇಳತೀನಿ. ಅದನ್ನೂ ಇಂವಾ ತಿಕ್ಕಿ ಹಾಕ್ಯಾನೋ ಏನೋ."

ಬಂದೂಕಿನ ಕುದುರೆಯ, ಅಂದರೆ ಹಿಂದಕ್ಕೆಳೆದು ಬಿಡುವ ಕೀಲಿನ, ಪಕ್ಕದಲ್ಲಿ ಕುಂಕುಮ, ಎಣ್ಣೆ ಕೂಡಿ ಗಟ್ಟಿಯಾದ ಹಕ್ಕಳೆಯಿತ್ತು. ಅಪ್ಪ ಅದೊಂದು ಜಾಗವನ್ನು ಅಣ್ಣನಿಗೆ ಮುಟ್ಟಗೊಡುತ್ತಿರಲಿಲ್ಲ. "ಅಲ್ಲಿ ದೇವರು ಕುಂತಾನ, ತಿಕ್ಕಬ್ಯಾಡಲೇ" ಎಂದು ಗದರಿ, ಪ್ರತಿ ವರ್ಷ ನನ್ನ ಕೈಯಿಂದಲೇ ಕುಂಕುಮ ಹಚ್ಚಿಸುತ್ತಿದ್ದ. ಅದನ್ನು ಹೇಳಿದೆ. ಸಾಬರು ಎಣ್ಣೆಬಟ್ಟೆಯಿಂದ ಮೆಲ್ಲಗೆ ನೆನೆಸಿ ಒರೆಸಿದರು. ಕಿರೀಟದ ಮುದ್ರೆ ಮೂಡಿತು. ಅದರ ಕೆಳಗೆ ೧೮೫೮ ಎಂಬ ಇಸವಿ.

"ಬಿಲಾಯತಿ ಮಾಲು ಯವ್ವಾ! ಇಷ್ಟು ತಿಕ್ಕಿದರೂ ಒಳ್ಳೇ ಜೋಡೆತ್ತಿನ ಬೆಲಿಗಿ ಮೋಸಿಲ್ಲ. ಈ ಮುದ್ರಿ ಉಳಿಸಿದವ ಎಲ್ಲಾ ತಿಳಿದವ."

ಅಣ್ಣನ ಕಣ್ಣರಳಿದವು. "ಮಾರಿಬಿಡೂಣು ತಂಗಿ, ಅರ್ಧರ್ಧ..."

"ಸುಮ್ಮನಿರಣ್ಣ! ನಾ ಮಾರಾಕ ಬಂದಿಲ್ಲ. ಅಪ್ಪ ನನಗೇನು ಕೊಟ್ಟಾನ ಅಂತ ತಿಳಕೊಳ್ಳಾಕ ಬಂದೀನಿ." ಅಷ್ಟು ಹೇಳುವುದರೊಳಗೆ ನನಗೆ ಅಳು ಬಂತು. ಸಂತೋಷಕ್ಕೇ ಬಂತು. ಅಣ್ಣ ತಲೆ ತಗ್ಗಿಸಿ ಗೋಣಿ ಸುತ್ತತೊಡಗಿದ.

ಪಾಪ ಅನ್ನಿಸಿತು. "ಬರೋ ಮಹಾನವಮಿಗಿ ನಮ್ಮನಿಗಿ ಪೂಜಿಗಿ ಬಾ," ಎಂದೆ. "ಹುಣಸಿಹಣ್ಣು ಮಾತ್ರ ಸಾರಿಗೇ ಇರಲಿ."