ಜಡೆಪ್ಪನ ಆರ್‌ಸಿಸಿ

"ಜಲ್ದಿ ಏಣಿ ಹತ್ರಲೇ ಸೂಳೇಮಕ್ಳ, ಮಾಲು ಬಿಗೀತೈತಿ. ನಿಮ್ಮ ಗುಡಿಸ್ಲಲ್ಲ ಇದು, ಆರ್‌ಸಿಸಿ."

ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ ರೈಸ್‌ಮಿಲ್ ಜಡೆಪ್ಪ ಬೆಳಗಿನಿಂದ ಇದನ್ನೇ ಜಪಿಸುತ್ತಿದ್ದ. ಕಾಲುವೆ ನೀರು ಬಂದು ಭತ್ತ ಉಕ್ಕಿದ ಮೇಲೆ ಕಂಪ್ಲಿ ಕಡೆ ಇದ್ದ ಜಾತಿಗಳು ಸಾಲದೆ ಇನ್ನೊಂದು ಹುಟ್ಟಿಕೊಂಡಿತ್ತು: ಆರ್‌ಸಿಸಿ ಮಂದಿ. ಹೆಣ್ಣು ಕೊಡುವವರು ಗಂಡಿನ ಮುಖ ಆಮೇಲೆ ನೋಡುತ್ತಿದ್ದರು. ಮೊದಲು ಕೇಳುವುದು, "ಮನಿ ಆರ್‌ಸಿಸಿ ಏನ್ರಿ?" ಮಣ್ಣಿನ ಮಾಳಿಗೆಯ ಜಡೆಪ್ಪನ ಮಗನಿಗೆ ಬಂದ ಸಂಬಂಧ ಇದೇ ಕಾರಣಕ್ಕೆ ಮುರಿದಿತ್ತು. ಇವತ್ತು ಕಾಂಕ್ರೀಟಿನ ಸ್ಲ್ಯಾಬ್ ಹಾಕಿ ಮುಗಿದರೆ ಅವನೂ ಆ ಕುಲಕ್ಕೆ ಸೇರಿದ ಹಾಗೆ.

ಕುಲವನ್ನು ತಲೆ ಮೇಲೆ ಹೊತ್ತು ಏರಿಸುತ್ತಿದ್ದವರು ಮಾತ್ರ ನಾವು, ಮಾದಿಗರ ಕೇರಿಯವರು. ಸ್ಲ್ಯಾಬಿನ ದಿನ ಕೂಲಿಯವರನ್ನು ಕೂರಿಸಿ, ಎಲೆ ಹಾಕಿ ಸಿಹಿ ಉಣಿಸುವುದು ಪದ್ಧತಿ. ಜಡೆಪ್ಪನೂ ಒಪ್ಪಿದ್ದ. ನಮ್ಮ ಪೈಕಿಯ ವಿರುಪಮ್ಮ ಆ ಎಲೆಗಾಗಿಯೇ ಕೂಲಿಗೆ ಬಂದಿದ್ದಳು. "ಅವ್ನ ಅಂಗಳದಾಗ ಒಮ್ಮೆ ಕುಂತು ಉಂಡು ಬರ್ತೀನಿ" ಎಂದು ಕೇರಿಗೆಲ್ಲ ಸಾರಿದ್ದಳು.

ಮಧ್ಯಾಹ್ನ ಮೇಸ್ತ್ರಿಗಳಿಗೆ ಅಂಗಳದಲ್ಲಿ ಎಲೆ ಬಿತ್ತು. ಜಡೆಪ್ಪನ ಹೆಂಡತಿ ಕೊಟ್ರಬಸಮ್ಮ ಬೆಲ್ಲದ ಹುಗ್ಗಿಯ ಕೊಳಗವನ್ನು ನಮಗಾಗಿ ಹೊರಗೆ ಇಡಿಸಿದಳು.

"ಬುಟ್ಟಿ ತೊಳ್ಕೊಂಡು ಬರ್ರಿ. ಹಾಕಿಸ್ಕೊಂಡು ತಿಪ್ಪಿ ಕಡೆ ಹೋಗಿ ಉಣ್ರಿ."

ಬುಟ್ಟಿ ಅಂದರೆ ನಾವು ಕಾಂಕ್ರೀಟಿನ ಮಾಲು ಹೊರುತ್ತಿದ್ದ ಕಬ್ಬಿಣದ ಬುಟ್ಟಿ.

"ಎಲಿ ಹಾಕಸ್ತೀನಿ ಅಂದಿದ್ರಲ್ರಿ ಸಾವ್ಕಾರ್ರ?" ವಿರುಪಮ್ಮ ಕೇಳಿದಳು.

"ನಿನ್ನ ಎಂಜಲ ಯಾರು ಬಳೀಬೇಕಲೇ, ನಿಮ್ಮಪ್ಪ ಬರ್ತಾನೇನು? ಮುಚ್ಕೊಂಡು ತಿನ್ನು," ಎಂದ ಜಡೆಪ್ಪ.

ಹೊಟ್ಟೆ ಚುರುಗುಟ್ಟುತ್ತಿತ್ತು, ಮೇಲೆ ತುಪ್ಪದ ವಾಸನೆ. ಮಾನ ಹಾಳಾಗಿ ಹೋಗಲಿ, ತಿಂದುಬಿಡೋಣ ಅನ್ನಿಸಿತ್ತು ನನಗೆ. ವಿರುಪಮ್ಮ ಬುಟ್ಟಿ ತುಂಬ ಹಾಕಿಸಿಕೊಂಡಳು. ಸಿಂಬೆ ಸರಿಮಾಡಿ ತಲೆಗಿಟ್ಟಳು. ತಿಪ್ಪೆಯ ಕಡೆ ಹೋಗದೆ ಏಣಿ ಹತ್ತಿದಳು. ಹಸಿ ಕಾಂಕ್ರೀಟಿನ ನಡುವೆ ಹುಗ್ಗಿ ಸುರಿದು, ಕಾಲಿನಿಂದ ಚೆನ್ನಾಗಿ ಕಲಸಿದಳು.

"ಏನ್ ಮಾಡ್ದೆಲೇ ರಂಡಿ?" ಜಡೆಪ್ಪ ಕುರ್ಚಿ ಬಿಟ್ಟು ಎದ್ದ.

"ಬುಟ್ಟ್ಯಾಗ ಬಿದ್ದ ಮಾಲು ನಾವು ಉಣ್ಣಂಗಿಲ್ರಿ. ಮ್ಯಾಲ ಹಾಕ್ತೀವಿ."

ದೊಡ್ಡ ಮೇಸ್ತ್ರಿಯ ಕೈತುತ್ತು ಎಲೆಗೆ ಬಿತ್ತು. "ಸಾವ್ಕಾರ್ರ, ಬೆಲ್ಲ ಕೂಡಿದ್ರ ಸಿಮೆಂಟು ಬಿಗಿಯಂಗಿಲ್ಲ."

ಅಷ್ಟರಲ್ಲಿ ಗಾಳೆಪ್ಪನ ಬುಟ್ಟಿ ತಲೆಗೇರಿತ್ತು, ತಾಯಕ್ಕನದೂ. ನಾನೂ ಹಾಕಿಸಿಕೊಂಡೆ. ಏಣಿಯ ತುಂಬ ನಾವು ನಿಂತು, ಹುಗ್ಗಿಯ ಬುಟ್ಟಿಗಳನ್ನು ಕೈಯಿಂದ ಕೈಗೆ ಮೇಲಕ್ಕೆ ದಾಟಿಸಿದೆವು.

ಜಡೆಪ್ಪ ಪಂಚೆ ಎತ್ತಿ ಕಟ್ಟಿ ಓಡಿಬಂದು ಏಣಿಯ ಬುಡದಲ್ಲಿ ಗಕ್ಕನೆ ನಿಂತ. ನಮ್ಮನ್ನು ಮುಟ್ಟದೆ ಅವನ ಆರ್‌ಸಿಸಿಗೆ ಹೋಗುವ ದಾರಿ ಇರಲಿಲ್ಲ.

"ಇಳೀರಲೇ," ಎಂದ.

ಯಾರೂ ಇಳಿಯಲಿಲ್ಲ.