ಸಿಲಿಂಡರಿನ ಕೊರಳ ಮೇಲಿನ ತಾರೀಖು

ಗದಗಿನ ಸಿಲಿಂಡರ್ ತಪಾಸಣಾ ಘಟಕದಲ್ಲಿ ಗುಡುಸಾಬ ಇಪ್ಪತ್ತೆರಡು ವರ್ಷ ದುಡಿದಿದ್ದ. ವೆಲ್ಡಿಂಗ್ ಅಂಗಡಿಗಳ ಆಕ್ಸಿಜನ್ ಸಿಲಿಂಡರುಗಳನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬುದು ಸರಕಾರದ ನಿಯಮ. ತೂಕ ನೋಡಿ, ನೀರು ತುಂಬಿ, ಒತ್ತಡ ಕೊಟ್ಟು, ತಾಳಿಕೊಂಡದ್ದರ ಕೊರಳಿಗೆ ಅವನು ಸುತ್ತಿಗೆಯಿಂದ ಹೊಸ ತಾರೀಖು ಒತ್ತುತ್ತಿದ್ದ. ತಾಳದ್ದನ್ನು ಮತ್ತೆ ಯಾರೂ ಬಳಸದಂತೆ ಕೊಯ್ದು ಗುಜರಿಗೆ ಹಾಕಬೇಕು. ಅವನು ಓದಿದ್ದು ಏಳನೆಯ ತರಗತಿ. ಆದರೆ ಒಮ್ಮೆ ತಟ್ಟಿದರೆ ಸಾಕು, ಒಳಗೆ ತುಕ್ಕು ತಿಂದಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುತ್ತಿದ್ದ.

ಆ ಮಾರ್ಚಿನಲ್ಲಿ ಶಿರಹಟ್ಟಿಯಿಂದ ಬಂದ ಒಂದು ಸಿಲಿಂಡರು ಒಡಕು ಗಡಿಗೆಯಂತೆ ಸದ್ದು ಮಾಡಿತು. ಒಳಗೆ ಬೆಳಕು ಬಿಟ್ಟು ನೋಡಿದ. ತಳದಲ್ಲಿ ಚಕ್ಕೆಚಕ್ಕೆಯಾಗಿ ತುಕ್ಕು. ತೂಕವೂ ಇಳಿದಿತ್ತು. ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಪಕ್ಕಕ್ಕೆ ಉರುಳಿಸಿದ.

ಮಾಲೀಕ ಚನ್ನಬಸವಣ್ಣ ಬಂದು ನಿಂತ. "ಈ ತಿಂಗಳಾಗ ಇದು ಒಂಬತ್ತನೇದ್ದು. ಹಿಂಗ ಕೊಯ್ಕೋತ ಕುಂತ್ರ ಗಿರಾಕಿ ಎಲ್ಲಾ ಹುಬ್ಬಳ್ಳಿಗೆ ಹೊಕ್ಕಾರ. ಹೊಡಿ ತಾರೀಖ."

"ತಳಾ ತಿಂದೈತ್ರಿ ಸಾವ್ಕಾರ್ರ. ಬೋರಲ ಹಾಕಿದ್ರ ಪುಡಿ ಉದುರ್ತೈತಿ."

"ಇನ್ನೊಂದು ವರ್ಷ ತಡೀತೈತಿ. ನಿನಗ ಆಗೂದಿಲ್ಲಂದ್ರ ಹೇಳು, ಹೊಡ್ಯಾವ್ರು ಬಾಳ ಮಂದಿ ಅದಾರ."

ಗುಡುಸಾಬನಿಗೆ ಐವತ್ತಾರು. ಮಗಳು ನಿಶಾತಳ ನರ್ಸಿಂಗ್ ಓದು ಮುಗಿಯಲು ಇನ್ನೂ ಒಂದು ವರ್ಷ ಇತ್ತು. ಅವನು ಗೆರೆಯನ್ನು ಅಂಗೈಯಿಂದ ಒರೆಸಿ ತಾರೀಖು ಹೊಡೆದ. ರಿಜಿಸ್ಟರಿನಲ್ಲಿ ಸಹಿಯನ್ನೂ ಮಾಡಿದ.

ಹನ್ನೊಂದು ದಿನದ ಮೇಲೆ, ಮುಂಜಾನೆ ಹತ್ತರ ಹೊತ್ತಿಗೆ, ಗ್ಯಾಸ್ ತುಂಬಿಸಿಕೊಂಡು ಹೋಗಿದ್ದ ಆ ಸಿಲಿಂಡರು ಶಿರಹಟ್ಟಿಯ ಅಂಗಡಿಯೊಂದರಲ್ಲಿ ಸಿಡಿಯಿತು. ಟ್ರ್ಯಾಕ್ಟರಿನ ಟ್ರೇಲರ್ ರಿಪೇರಿ ಮಾಡುತ್ತಿದ್ದ ಸಿದ್ದಾರೂಢ ಎಂಬವನು ಸ್ಥಳದಲ್ಲೇ ಸತ್ತ. ಅವನಿಗೆ ಮೂವತ್ತೊಂದು ವರ್ಷ.

ತನಿಖೆಗೆ ಬಂದ ಅಧಿಕಾರಿ ಚನ್ನಬಸವಣ್ಣನ ಎದುರು ಕುಳಿತು ಚಹಾ ಕುಡಿಯುತ್ತಿದ್ದಾಗ ಗುಡುಸಾಬ ಕರೆಯದೆಯೇ ಒಳಗೆ ಹೋದ.

"ಸಾಹೇಬ್ರ, ಅದು ಫೇಲ್ ಆಗಿತ್ರಿ. ಗೊತ್ತಿದ್ದೂ ನಾನ ಪಾಸ್ ಮಾಡೇನ್ರಿ."

"ಬಾಳ ಮನಸಿಗೆ ಹಚಗೊಂಡಾನ್ರಿ ಪಾಪ," ಎಂದ ಚನ್ನಬಸವಣ್ಣ. "ಎರಡು ದಿನದಿಂದ ಉಂಡಿಲ್ಲ."

ಅಧಿಕಾರಿ ರಿಜಿಸ್ಟರು ತಿರುವಿದ. "ಇಲ್ಲಿ ನಿನ್ನ ಸಹಿ ಐತಿ. ಇದು ಖರೆನೋ, ಈಗ ಹೇಳೂದು ಖರೆನೋ?"

"ಈಗ ಹೇಳೂದು ಖರೆರಿ."

"ಹಂಗಂದ್ರ ಜೇಲಿಗೆ ಹೋಗಾವ ನೀನ. ತಿಳೀತೇನು?"

"ಬರಕೋರಿ. ಹೊಕ್ಕೇನಿ."

ಅಧಿಕಾರಿ ಬರೆದುಕೊಳ್ಳಲಿಲ್ಲ.

ತಿಂಗಳ ನಂತರ ವರದಿ ಬಂತು. ಸತ್ತ ಕೆಲಸಗಾರ ಸಿಲಿಂಡರಿನ ಹತ್ತಿರ ಬೀಡಿ ಸೇದಿದ್ದೇ ಅನಾಹುತಕ್ಕೆ ಕಾರಣ ಎಂದು ಅದರಲ್ಲಿತ್ತು. ಘಟಕಕ್ಕೆ ಸಿಕ್ಕದ್ದು ಒಂದು ಎಚ್ಚರಿಕೆ ಪತ್ರ: ಗೋಡೆಯ ಮೇಲೆ ಸುರಕ್ಷತಾ ನಿಯಮಗಳ ಫಲಕ ಇರಲಿಲ್ಲವಂತೆ. ಚನ್ನಬಸವಣ್ಣ ಎಂಟೇ ದಿನದಲ್ಲಿ ಬಾಗಿಲಷ್ಟು ದೊಡ್ಡ ಫಲಕ ಹಾಕಿಸಿದ. ಅದೇ ವಾರ ಗುಡುಸಾಬನನ್ನು ಕೆಲಸದಿಂದ ತೆಗೆದ.

ಗುಡುಸಾಬ ಶಿರಹಟ್ಟಿಗೆ ಹೋಗಿ ಸಿದ್ದಾರೂಢನ ಮನೆ ಹುಡುಕಿದ. ಹೆಂಡತಿ ಶಿವರಂಜನಿ ಬಾಗಿಲಿಗೆ ಬಂದಳು. ತಪಾಸಣಾ ಘಟಕದವನೆಂದು ತಿಳಿದ ಕೂಡಲೇ ವರದಿಯ ಪ್ರತಿ ತಂದು ಮುಂದೆ ಹಿಡಿದಳು.

"ನಮ್ಮವ್ರು ಬೀಡಿ ಮುಟ್ಟಿದವರಲ್ರಿ ಕಾಕಾ. ಇಡೀ ಓಣಿಗೆ ಗೊತ್ತೈತಿ."

"ಹೌದವ್ವಾ. ತಪ್ಪು ಅವ್ರದಲ್ಲ. ಆ ಸಿಲಿಂಡರ್ ಪಾಸ್ ಮಾಡಿದಾವ ನಾನ."

"ಕೆಟ್ಟೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಹಂಗಾರ ಬರದು ಕೊಡ್ರಿ. ನಿಮಗೂ ಶಿಕ್ಷಾ ಆಗ್ಲಿ, ನಿಮ್ಮ ಸಾವ್ಕಾರಗೂ ಆಗ್ಲಿ."

ಅಲ್ಲೇ ಕಟ್ಟೆಯ ಮೇಲೆ ಕುಳಿತು ಅವನು ಎರಡು ಪುಟ ಬರೆದ. ಇಬ್ಬರೂ ಕೂಡಿ ಮೂರು ಸಲ ಗದಗಿಗೆ ಹೋದರು. ಒಂದೊಂದು ಸಲ ಒಂದೊಂದು ಕಚೇರಿ. ವರದಿ ಬಂದಾಗಿದೆ, ಫೈಲು ಮುಚ್ಚಿದೆ ಎಂದರು. ಮೂರನೆಯ ಕಡೆ ಕಾರಕೂನನೊಬ್ಬ ಕಾಗದವನ್ನೇನೋ ಇಸಿದುಕೊಂಡ, ಸ್ವೀಕೃತಿ ಕೊಡಲಿಲ್ಲ. ಪ್ರತಿ ಸಲವೂ ಗುಡುಸಾಬ ಎಲ್ಲರೆದುರು ತನ್ನ ತಪ್ಪನ್ನು ಮೊದಲಿನಿಂದ ಹೇಳಿದ. ಶಿವರಂಜನಿ ಪಕ್ಕದಲ್ಲಿ ನಿಂತು ಕೇಳಿದಳು.

ನಾಲ್ಕನೆಯ ಸಲ ಅವಳು ಕರೆಯಲಿಲ್ಲ. ಅವನೇ ಫೋನ್ ಮಾಡಿದ.

"ಬರಬ್ಯಾಡ್ರಿ ಕಾಕಾ," ಎಂದಳು ಅವಳು. "ಹೇಳಿದಾಗೊಮ್ಮೆ ನೀವು ಹಗುರಾಗ್ತೀರಿ. ಅವ್ರು ಸತ್ತದ್ದನ್ನ ನಾ ಇನ್ನ ಎಷ್ಟು ಸರ್ತಿ ಕೇಳ್ಲಿ?"